ಗೌರಾಬಾಯಿಯ ಖಾರ, ಯಜಮಾನರ ಜಠರ

ನಮ್ಮ ಮನೆಯಲ್ಲಿ ಯಾರ ಹೊಟ್ಟೆ ಕೆಟ್ಟರೂ ಅಪರಾಧಿ ನಾನೇ. ಮೊಮ್ಮಗಳು ಹಾರೂಗೇರಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಪಾನಿಪುರಿ ತಿಂದು ಬಂದು ವಾಂತಿ ಮಾಡಿಕೊಂಡರೆ, ನಿನ್ನೆಯ ಬೇಳೆ ಆಮಟಿ ಹಳಸಿತ್ತೇನೋ ಎನ್ನುತ್ತಾರೆ. ಮಗ ಯಾರದೋ ಮದುವೆಯಲ್ಲಿ ಪಂದ್ಯ ಕಟ್ಟಿ ಜಿಲೇಬಿ ತಿಂದು ಬಂದು ಮಗ್ಗುಲಾದರೆ, ಮುಂಜಾನೆಯ ಪಲ್ಯಕ್ಕೆ ಎಣ್ಣೆ ಜಾಸ್ತಿಯಾಗಿತ್ತು ಎನ್ನುತ್ತಾರೆ. ಇನ್ನು ನಮ್ಮ ಯಜಮಾನರ ಎದೆಯುರಿಯ ಮಾತಂತೂ ಕೇಳಲೇಬೇಡಿ. ಅದಕ್ಕೆ ಕಾರಣ ನನ್ನ ಖಾರ ಎಂದು ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷವೇ ತೀರ್ಪಾಗಿದೆ. ವಾದ ನಡೆಯಲಿಲ್ಲ, ಸಾಕ್ಷಿ ಕರೆಯಲಿಲ್ಲ. ನ್ಯಾಯಾಧೀಶರೂ ಅವರೇ, ಫಿರ್ಯಾದಿಯೂ ಅವರೇ, ಉರಿಯುವ ಎದೆಯೂ ಅವರದೇ.

ಖಾರ ಎಂದರೆ ಬರೀ ಮೆಣಸಿನಪುಡಿ ಎಂದುಕೊಳ್ಳಬೇಡಿ. ನಮ್ಮ ಕಡೆ ಬೇಸಿಗೆಯಲ್ಲಿ ಒಮ್ಮೆ ಕುಟ್ಟಿಸಿ ವರ್ಷಪೂರ್ತಿ ಇಟ್ಟುಕೊಳ್ಳುವ ಮಸಾಲೆ ಖಾರ ಅದು. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ, ಘಾಟಿಗೆ ಸಂಕೇಶ್ವರದ ಮೆಣಸಿನಕಾಯಿ, ಅದಕ್ಕೆ ಹುರಿದ ಉಳ್ಳಾಗಡ್ಡಿ, ಬಳ್ಳೊಳ್ಳಿ, ಒಣಕೊಬ್ಬರಿ, ಎಳ್ಳು, ಕೊತ್ತಂಬರಿ ಬೀಜ. ಹದ ತಪ್ಪಿದರೆ ಆಷಾಢಕ್ಕೇ ಬೂಸರು ಬರುತ್ತದೆ. ನನ್ನ ಖಾರಕ್ಕೆ ಇಷ್ಟು ವರ್ಷದಲ್ಲಿ ಬೂಸರು ಬಂದದ್ದಿಲ್ಲ. ತೆಲಸಂಗದಲ್ಲಿರುವ ನನ್ನ ತಂಗಿ ಸೀತವ್ವ ವರ್ಷಕ್ಕೊಮ್ಮೆ ಡಬ್ಬಿ ಹಿಡಿದುಕೊಂಡೇ ಬರುತ್ತಾಳೆ. (ಅಕ್ಕನನ್ನು ನೋಡಲು ಬಂದೆ ಎನ್ನುತ್ತಾಳೆ. ನೋಡುವುದು ಡಬ್ಬಿಯನ್ನು.) ಬಾವಿಹೊಲದ ಕಬ್ಬು ಯಜಮಾನರ ಹೆಸರಿನಲ್ಲಿದೆ. ದ್ರಾಕ್ಷಿ ತೋಟ ಮಗ ಭರತನ ಹೆಸರಿನಲ್ಲಿದೆ. ಗ್ಯಾಸ್ ಸಿಲಿಂಡರ್ ಕೂಡ ಸೊಸೆ ಕೋಮಲಳ ಹೆಸರಿಗೆ ಬರುತ್ತದೆ. ಈ ಭೂಮಂಡಲದ ಮೇಲೆ ನನ್ನ ಹೆಸರು ಹಿಡಿದು ಜನ ಕರೆಯುವ ವಸ್ತು ಒಂದೇ, ಗೌರಾಬಾಯಿಯ ಖಾರ.

ಈ ವರ್ಷ ಹೋಳಿ ಹುಣ್ಣಿಮೆ ಮುಗಿದು ಮೆಣಸಿನಕಾಯಿ ತರಲು ಹೇಳಬೇಕು ಎನ್ನುವಷ್ಟರಲ್ಲಿ, ಯಜಮಾನರು ಮಧ್ಯಾಹ್ನದ ಊಟಕ್ಕೆ ಕೂತು, ಜೋಳದ ಭಕ್ಕರಿ ಮುರಿಯುತ್ತ ರಾಜಾಜ್ಞೆ ಹೊರಡಿಸಿದರು.

"ಭರತನವ್ವಾ, ಈ ವರ್ಷ ಖಾರ ಕುಟ್ಟಸೂದ ಬ್ಯಾಡ. ಕೋಮಲ ಅಂಗಡ್ಯಾಗಿನ ಪ್ಯಾಕೆಟ್ ತರ್ತಾಳ."

"ಯಾಕ್ರಿ, ಏನಾತು?"

"ಏನಾತು ಅಂತ ಕೇಳ್ತಿ. ಎದಿ ಒಳಗ ಬೆಲ್ಲದ ಒಲಿ ಹಚ್ಚಿದಂಗ ಆಗೇತಿ. ನಿನ್ನ ಖಾರ ತಿಂತೇನಿ, ಎದಿ ಉರೀತೈತಿ. ಇನ್ನೇನ ಆಗಬೇಕು?"

"ದಿನಾ ತಲಿಗೆ ಪಟಕಾ ಸುತ್ತತೀರಿ. ಸುತ್ತಿದ ಮ್ಯಾಲೂ ಎದಿ ಉರೀತೈತಿ. ಪಟಕಾ ಬಿಡ್ತೀರೇನು?"

ಅವರು ನಾಲ್ಕು ತುತ್ತನ್ನು ಒಂದೇ ತುತ್ತು ಮಾಡಿ ನುಂಗಿ, ಕೈ ತೊಳೆದು, ಪಡಸಾಲೆಯ ಮಂಚದ ಮೇಲೆ ಮಲಗಿ ಕಣ್ಣು ಮುಚ್ಚಿಬಿಟ್ಟರು. ನಮ್ಮ ಮನೆಯಲ್ಲಿ ವಾದ ಮುಗಿಯುವುದು ಹೀಗೆಯೇ. ನಾನು ಗೆದ್ದಾಗಲೆಲ್ಲ ಅವರಿಗೆ ನಿದ್ದೆ ಬರುತ್ತದೆ.

ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಹೋಗಲಿ ಬಿಡ್ರಿ ಅತ್ತಿ. ನಿಮಗೂ ವಯಸ್ಸಾತು. ಪ್ಯಾಕೆಟ್ ಆದ್ರ ಕತ್ತರಿ ಹಚ್ಚಿದ್ರ ಮುಗೀತು" ಎಂದಳು. ನನ್ನ ಜೀವಮಾನದ ಕಸುಬು ಒಂದು ಕತ್ತರಿಗೆ ಮುಗಿದುಹೋಯಿತು.

ನಾನು ಅತ್ತೆನೆಂದು ತಿಳಿಯಬೇಡಿ. ಬಳ್ಳೊಳ್ಳಿ ಬಿಡಿಸುತ್ತಿದ್ದೆ, ಕಣ್ಣಲ್ಲಿ ನೀರು ಬಂತು. (ಉಳ್ಳಾಗಡ್ಡಿಗೆ ಬರುವ ನೀರು ಬಳ್ಳೊಳ್ಳಿಗೂ ಬರುತ್ತದೆ ಎಂದೇ ಇಟ್ಟುಕೊಳ್ಳಿ.) ಆಗ ಅಂಗಳದಲ್ಲಿ ಮೊಮ್ಮಗಳು ಸೌಂದರ್ಯಾ ಪುಸ್ತಕ ಹಿಡಿದು ಆಚೆ ಈಚೆ ನಡೆಯುತ್ತ ಗಟ್ಟಿಯಾಗಿ ಓದುತ್ತಿದ್ದಳು. ಅವಳು ಸೈನ್ಸ್ ತೆಗೆದುಕೊಂಡು ಕಾಲೇಜಿಗೆ ಹೋಗುತ್ತಾಳೆ. ಬಾಯಿಬಿಟ್ಟು ಓದದಿದ್ದರೆ ಅವಳಿಗೆ ತಲೆಗೆ ಹತ್ತುವುದಿಲ್ಲ. ಅದರಿಂದ ಅವಳಿಗೆ ಹತ್ತುವುದಕ್ಕಿಂತ ಮೊದಲು ನನಗೆ ಹತ್ತುತ್ತದೆ. ನಾನು ಕಲಿತದ್ದು ಮೂರನೇ ಇಯತ್ತೆ. ಆದರೆ ಕಿವಿಗೆ ಇಯತ್ತೆ ಇಲ್ಲವಲ್ಲ. ಹೃದಯಕ್ಕೆ ನಾಲ್ಕು ಕೋಣೆ ಎಂಬುದನ್ನು ಕಳೆದ ವಾರವೇ ಕೇಳಿದ್ದೆ. ನಮ್ಮ ಯಜಮಾನರ ಹೃದಯದ ನಾಲ್ಕೂ ಕೋಣೆಗೆ ಯಾರು ಬಾಡಿಗೆಗಿದ್ದಾರೋ ದೇವರಿಗೇ ಗೊತ್ತು, ನನಗಂತೂ ಒಂದೂ ಸಿಕ್ಕಿಲ್ಲ.

ಆ ದಿನದ ಪಾಠ ಪಚನದ್ದು. ಬಾಯಿಯಲ್ಲಿ ಜೊಲ್ಲು, ಅದರ ಕೆಳಗೆ ಅನ್ನನಾಳ, ಅದರ ಕೆಳಗೆ ಜಠರ, ಜಠರದಲ್ಲಿ ಆಮ್ಲ, ಆಮ್ಲ ಮೇಲೆ ಬರದಂತೆ ಜಠರದ ಬಾಯಿಗೊಂದು ಬಿಗಿಯುವ ಸ್ನಾಯು. ಕೇಳುತ್ತ ಕೇಳುತ್ತ ನನಗೆ ನಮ್ಮ ಕಡೆಯ ಸಕ್ಕರೆ ಕಾರ್ಖಾನೆಯೇ ಕಣ್ಣ ಮುಂದೆ ಬಂತು. ಒಂದು ಬಾಯಲ್ಲಿ ಕಬ್ಬು ಹಾಕುತ್ತಾರೆ, ಅರೆಯುತ್ತದೆ, ಕುದಿಯುತ್ತದೆ, ಸಾರ ಒಂದು ಕಡೆ, ಸಿಪ್ಪೆ ಒಂದು ಕಡೆ. ಮನುಷ್ಯನೆಂದರೆ ಧೋತರ ಉಟ್ಟ ಕಾರ್ಖಾನೆ.

"ಸೌಂದರ್ಯಾ, ಒಂದ ಮಾತ ಹೇಳ ಬೇ. ಆ ಆಮ್ಲ ಅಂತೀಯಲ್ಲ, ಅದು ಖಾರದ್ದೇನು?"

"ಅಲ್ಲ ಆಯಿ. ಅದು ಹೊಟ್ಟೀನ ಮಾಡೂದು. ನೀ ಖಾರ ತಿನ್ನು, ಪೇಢೆ ತಿನ್ನು, ಅದು ಇದ್ದ ಇರತೈತಿ."

"ಹಂಗಾದ್ರ ನಿಮ್ಮಜ್ಜಗ ಎದಿ ಉರಿಯೂದು ನನ್ನ ಖಾರದಿಂದ ಅಲ್ಲ."

ಹುಡುಗಿ ನಿಂತಳು. ಪುಸ್ತಕ ಮುಚ್ಚಿದಳು. "ಹಂಗ ಹೇಳಾಕ ಬರೂದಿಲ್ಲ. ಕೆಲವರಿಗೆ ಖಾರದಿಂದ ಉರೀತೈತಿ, ಕೆಲವರಿಗಿಲ್ಲ. ಅಜ್ಜ ಅಂದಾನಂತ ಹೌದು ಆಗೂದಿಲ್ಲ, ನೀ ಅಂದಿ ಅಂತ ಅಲ್ಲ ಅಂತನೂ ಆಗೂದಿಲ್ಲ. ಪ್ರಯೋಗ ಮಾಡಬೇಕು."

"ಹೆಂಗ?"

"ಒಂದ ಮಾತ್ರ ಬದಲ ಮಾಡಬೇಕು, ಉಳಿದದ್ದೆಲ್ಲಾ ಇದ್ದಂಗ ಇರಬೇಕು. ಖಾರ ತೆಗದು ನೋಡು. ಆದರ ಅಜ್ಜಗ ಗೊತ್ತಾಗಬಾರದು. ಗೊತ್ತಾದ್ರ ಮನಸ್ಸ ಸುಳ್ಳ ಹೇಳತೈತಿ. ಮತ್ತ ಒಂದ ದಿನಾ ಮಾಡಿ ಬಿಡಬಾರದು, ಮತ್ತ ಮತ್ತ ಮಾಡಬೇಕು."

ಅಜ್ಜನ ಮನಸ್ಸು ಸುಳ್ಳು ಹೇಳುತ್ತದೆ ಎಂದು ಪುಸ್ತಕದಲ್ಲೇ ಬರೆದಿರುವಾಗ ನಾನು ಇಷ್ಟು ವರ್ಷ ಸುಮ್ಮನೆ ಬಾಯಿ ನೋಯಿಸಿಕೊಂಡೆನಲ್ಲ ಎನಿಸಿತು. ನನ್ನ ಖಾರವನ್ನು ನಿರಪರಾಧಿ ಎಂದು ಬಿಡಿಸಿಕೊಂಡು ಬರಲು ದಾರಿಯೊಂದು ಕಂಡಿತು. ಮೆಣಸಿನಕಾಯಿಯ ಸುಗ್ಗಿ ಮುಗಿಯುವುದರೊಳಗೆ ಆಗಬೇಕಿತ್ತು ಅಷ್ಟೇ.

ಆದರೆ ಆಮಟಿಯಿಂದ ಖಾರ ತೆಗೆದರೆ ಬಣ್ಣ ಹೋಗುತ್ತದೆ. ಕೆಂಪಗಿಲ್ಲದ ಆಮಟಿಯನ್ನು ನಮ್ಮ ಕಡೆಯ ಗಂಡಸು ತಾಟಿನಲ್ಲಿ ಕಂಡರೆ, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಕೇಳುತ್ತಾನೆ. ಒಂದು ದಿನವಿಡೀ ಯೋಚಿಸಿದೆ. ಮರುದಿನ ಹಾರೂಗೇರಿ ಸಂತೆಯಲ್ಲಿ ಬೀಟ್‌ರೂಟ್ ಗುಡ್ಡೆ ಹಾಕಿಕೊಂಡು ಕೂತಿದ್ದವಳನ್ನು ಕಂಡೆ. ನಮ್ಮ ಮನೆಯಲ್ಲಿ ಬೀಟ್‌ರೂಟ್ ತರುವ ಪದ್ಧತಿಯೇ ಇಲ್ಲ. ಯಜಮಾನರು ಅದನ್ನು ದನಕ್ಕೂ ಹಾಕಬಾರದು ಎನ್ನುವವರು. ಚೀಲದ ತಳಕ್ಕೆ ಹಾಕಿ, ಮೇಲೆ ಮೆಂತ್ಯದ ಸೂಡು ಮುಚ್ಚಿ ತಂದೆ. ಜೋಳದ ಪೀಪಾಯಿಯ ಹಿಂದೆ ಬಚ್ಚಿಟ್ಟೆ.

ಮನೆಯ ಉಳಿದವರಿಗೆ ಎಂದಿನ ಆಮಟಿ. ಯಜಮಾನರಿಗೆ ಮಾತ್ರ ಸಣ್ಣ ಬೋಗುಣಿಯಲ್ಲಿ ಬೇರೆ. ಅದಕ್ಕೆ ಬೀಟ್‌ರೂಟ್ ತುರಿದು ಕುದಿಸಿ ಸೋಸಿದ ನೀರು, ಬೇಳೆ, ಉಪ್ಪು, ಬೆಲ್ಲ, ಹುಣಸೆಹುಳಿ. ಖಾರ ಒಂದು ಚಿಟಿಕೆಯೂ ಇಲ್ಲ. ನೋಡಲು ಮಾತ್ರ ಮದುವಣಗಿತ್ತಿಯ ಹಾಗಿತ್ತು.

ಅವರು ಊಟಕ್ಕೆ ಕೂತರು. ನಾನು ಎಂದಿನಂತೆ ಎದುರಿಗೆ ಕೂತೆ. ಬಡಿಸಲು ಕೂರಬೇಕು, ಅದು ನಮ್ಮಲ್ಲಿ ನಡೆದುಕೊಂಡು ಬಂದದ್ದು. ಇನ್ನೊಂದು ಹಾಕ್ಕೊಳ್ಳಿ, ಅರ್ಧವಾದರೂ ಹಾಕ್ಕೊಳ್ಳಿ ಎಂದು ಒತ್ತಾಯ ಮಾಡಬೇಕು. ಉಳಿದದ್ದೆಲ್ಲ ಇದ್ದ ಹಾಗೆ ಇರಬೇಕು ಎಂದು ಮೊಮ್ಮಗಳು ಹೇಳಿದ್ದಳಲ್ಲ, ಆದ್ದರಿಂದ ದಿನದ ಮಾತನ್ನೂ ಬಿಡಲಿಲ್ಲ. ಹಿತ್ತಲ ಗೋಡೆ ಬಿರುಕು ಬಿಟ್ಟದ್ದು, ಸೀತವ್ವನ ಮಗನ ಕೂಸಿನ ಹೆಸರಿಡುವುದಕ್ಕೆ ನಮ್ಮನ್ನು ಕೊನೆಗೆ ಕರೆದದ್ದು, ಎಮ್ಮೆ ಹಾಲು ಇಳಿದದ್ದು, ನನ್ನ ಮೊಣಕಾಲು, ಹೋದ ವರ್ಷ ಅವರು ತರುತ್ತೇನೆಂದು ತಾರದ ಮೊಣಕಾಲಿನ ಎಣ್ಣೆ, ಎಲ್ಲ ಬಂತು. ಅವರು ಗಬಗಬನೆ ಉಂಡರು. ನಾನು ಅವರ ಬಾಯನ್ನೇ ನೋಡುತ್ತಿದ್ದೆ. ಖಾರವಿಲ್ಲವೆಂದು ಈಗ ಹಿಡಿಯುತ್ತಾರೆ, ಈಗ ಹಿಡಿಯುತ್ತಾರೆ.

ಅವರು ನೀರು ಕುಡಿದು, ಬಾಯಿ ಒರೆಸಿಕೊಂಡು ಹೇಳಿದರು. "ಇವತ್ತ ಆಮಟಿ ಬೆಂಕಿ ಆಗೇತಿ ನೋಡ. ಇಷ್ಟ ಖಾರ ಹಾಕಬ್ಯಾಡ ಅಂತ ಬಡಕೊಂಡೇನಿ."

ಹೋಗಿ ಮಲಗಿದರು. ಸ್ವಲ್ಪ ಹೊತ್ತಿಗೆ ಎದ್ದು ಕೂತು ಎದೆ ತಿಕ್ಕಿಕೊಂಡರು.

ನನಗೆ ಕುಣಿಯಬೇಕೆನಿಸಿತು. (ಮೊಣಕಾಲು ಬೇಡವೆಂದಿತು.) ಖಾರವಿಲ್ಲದ ಆಮಟಿಗೆ ಎದೆ ಉರಿದಿತ್ತು. ಆದರೆ ರಾತ್ರಿಯ ಪಾತ್ರೆ ತೊಳೆಯುವಾಗ ಆ ಖುಷಿಯ ತಳದಲ್ಲಿ ಏನೋ ಹತ್ತಿದ್ದು ಕಾಣಿಸಿತು. ಬೇಸಿಗೆಯ ಬಿಸಿಲಿನಲ್ಲಿ ಮೆಣಸಿನಕಾಯಿ ಒಣಗಿಸಿ, ತೊಟ್ಟು ತೆಗೆದು, ಕೈ ಉರಿದು, ಮಜ್ಜಿಗೆಯಲ್ಲಿ ಕೈ ಅದ್ದಿಕೊಂಡು ಮಲಗಿದವಳು ನಾನು. ಈ ಮನುಷ್ಯನ ನಾಲಿಗೆಗೆ ನನ್ನ ಖಾರವೂ ಒಂದೇ, ಬೀಟ್‌ರೂಟಿನ ನೀರೂ ಒಂದೇ. ಬೈಗುಳವಾದರೂ ರುಚಿ ನೋಡಿ ಬಂದದ್ದೆಂದು ತಿಳಿದಿದ್ದೆ.

ಇರಲಿ, ವಿಜ್ಞಾನಕ್ಕೆ ಇಂಥ ಸಂಕಟಗಳು ಲೆಕ್ಕವಿಲ್ಲ. ಮತ್ತೆ ಮತ್ತೆ ಮಾಡಬೇಕೆಂದು ಹುಡುಗಿ ಹೇಳಿದ್ದಳು, ಮಾಡಿದೆ. ಪಲ್ಯಕ್ಕೂ ಅದೇ ನೀರು, ಕಡಲೆಹಿಟ್ಟಿನ ಝುಣಕಕ್ಕೂ ಅದೇ ನೀರು. ಬಣ್ಣ ಸಾಲದೆನಿಸಿ ದಿನದಿನಕ್ಕೆ ಗಡ್ಡೆ ಹೆಚ್ಚಿಸಿದೆ. ಅವರು ದಿನವೂ ಖಾರ ಹೆಚ್ಚಾಯಿತೆಂದು ಬೈದರು, ದಿನವೂ ಎದೆ ತಿಕ್ಕಿಕೊಂಡರು. ಬೈಗುಳ ಕೇಳಿ ಇಷ್ಟು ಸಂತೋಷಪಟ್ಟ ಹೆಂಡತಿ ಇಡೀ ರಾಯಬಾಗ ತಾಲೂಕಿನಲ್ಲಿ ಇರಲಿಕ್ಕಿಲ್ಲ. ಬರುವ ಸೋಮವಾರ ಎಲ್ಲರ ಮುಂದೆ ಸಾಕ್ಷಿ ಸಮೇತ ಹೇಳಿಬಿಡಬೇಕೆಂದುಕೊಂಡೆ.

ಸೋಮವಾರಕ್ಕೆ ಮೊದಲು ರವಿವಾರ ಬರುತ್ತದೆಂಬುದು ಮರೆತಿತ್ತು.

ರವಿವಾರ ಮುಂಜಾನೆ ಯಜಮಾನರು ಹಿತ್ತಲ ಪಾಯಖಾನೆಯಿಂದ ಹೊರಗೆ ಬಂದರು. ಮುಖ ಬೂದಿಯಾಗಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತು ಮಗನನ್ನು ಕರೆದರು. ಅವನ ಕಿವಿಯಲ್ಲಿ ಏನೋ ಹೇಳಿದರು. ಅವನು ಕೋಮಲಳ ಕಿವಿಯಲ್ಲಿ ಹೇಳಿದ. ಅವಳು ಸೆರಗು ಬಾಯಿಗಿಟ್ಟುಕೊಂಡು ಸೌಂದರ್ಯಾಳಿಗೆ ಹೇಳಿದಳು. ಈ ಮನೆಯಲ್ಲಿ ಸುದ್ದಿ ನನ್ನ ತನಕ ಬರುವಾಗ ಹಳಸಿರುತ್ತದೆ. ಆ ದಿನವೂ ನಾನೇ ಹೋಗಿ ಕೇಳಬೇಕಾಯಿತು.

"ಏನ ಆಗೇತಿ ಬೇ?"

"ಅತ್ತಿ, ಮಾಮಾಗ ಎರಡೂ ಕಡೆಯಿಂದ ರಕ್ತ ಹೋಗಾಕತ್ತೇತಿ" ಎಂದು ಕೋಮಲ ಅತ್ತುಬಿಟ್ಟಳು.

ನನ್ನ ಕೈ ತಾನಾಗಿ ಕೊರಳಿಗೆ ಹೋಯಿತು. ಬೀಟ್‌ರೂಟು ಆಗ ತಲೆಗೆ ಬರಲಿಲ್ಲ ಎಂದರೆ ನೀವು ನಂಬಬೇಕು. ಎಷ್ಟು ಕಹಿಯಿದ್ದರೂ ಗಂಡ ಗಂಡನೇ. ಭರತ ಗಾಡಿ ತೆಗೆದ. ಹಿಂದಿನ ಸೀಟಿನಲ್ಲಿ ನಡುವೆ ಅವರು, ಒಂದು ಕಡೆ ನಾನು, ಇನ್ನೊಂದು ಕಡೆ ಸೌಂದರ್ಯಾ. ಮುಂದೆ ಕೋಮಲ, ಮೂಗು ಸೇದುತ್ತ.

ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಗಾಡಿ ತೆವಳುತ್ತಿತ್ತು. ಯಜಮಾನರು ಸೀಟಿಗೆ ತಲೆಯಾನಿಸಿ ಕಡೆಯ ಮಾತು ಶುರುಮಾಡಿದರು.

"ಭರತಾ, ಬಾವಿಹೊಲ ಮಾರಬ್ಯಾಡ."

"ಇಲ್ಲ ಅಪ್ಪಾ."

"ಸೌಂದರ್ಯಾಗ ಓದಸು. ಕೋಮಲಾ, ನೀ ಛಲೋ ಸೊಸಿ. ಮುದಿ ಎತ್ತ ಯಾರಿಗೂ ಕೊಡಬ್ಯಾಡ್ರಿ, ಮನ್ಯಾಗ ಸಾಯಲಿ."

ನಾನು ಕಾದೆ. ಎತ್ತಿನ ನಂತರವಾದರೂ ನನ್ನ ಸರದಿ ಬರಬೇಕಲ್ಲ. ಬಂತು.

"ಭರತನವ್ವಾ," ಎಂದರು. ಅವರ ದನಿ ಅಷ್ಟು ಮೆತ್ತಗಿದ್ದದ್ದನ್ನು ನಾನು ಕೇಳಿರಲಿಲ್ಲ. ನಾನು ಅವರತ್ತ ಬಾಗಿದೆ. "ಕಡೀಕ ನಿನ್ನ ಖಾರಾನ ನನ್ನ ಕರಳ ಸುಟ್ಟ ಹಾಕ್ತ ನೋಡ."

ನಾನು ತಲೆ ತಗ್ಗಿಸಿದೆ. ತಗ್ಗಿಸಿದಾಗ ಮಡಿಲಲ್ಲಿದ್ದ ನನ್ನ ಕೈ ಕಂಡಿತು. ಉಗುರ ಸಂದಿಯಲ್ಲೆಲ್ಲ ನೇರಳೆಗೆಂಪು. ಆಗ ತಲೆಯಲ್ಲಿ ದೀಪ ಹತ್ತಿತು. ಕಾರ್ಖಾನೆಯ ಒಂದು ಬಾಯಲ್ಲಿ ಕೆಂಪು ಹಾಕಿದವಳು ನಾನೇ ಅಲ್ಲವೆ. ಅದು ಇನ್ನೊಂದು ಬಾಯಲ್ಲಿ ಬೆಳ್ಳಗಾಗಿ ಬರಲು ಅದೇನು ಸಕ್ಕರೆಯೆ?

ಹೇಳಿಬಿಡಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ಮತ್ತೊಂದು ಯೋಚನೆ ಬಂತು. ಎತ್ತಿಗೂ ಒಂದು ಒಳ್ಳೆಯ ಮಾತು ಸಿಕ್ಕಿದೆ, ದಾರಿ ಇನ್ನೂ ಇದೆ, ನನಗೂ ಒಂದು ಸಿಕ್ಕಬಹುದು. ಬಾಯಿ ಮುಚ್ಚಿದೆ. ಹಾರೂಗೇರಿ ಬಂತು, ಮಾತು ಬರಲಿಲ್ಲ.

ಡಾಕ್ಟರ ಹೆಸರು ಪಾರಿಸ. ವಯಸ್ಸು ಚಿಕ್ಕದು, ಮಾತು ನಿಧಾನ. ಯಜಮಾನರನ್ನು ಮಲಗಿಸಿ ಹೊಟ್ಟೆ ಒತ್ತಿದರು, ಕಣ್ಣಿನ ರೆಪ್ಪೆ ಎಳೆದರು, ರಕ್ತದೊತ್ತಡ ನೋಡಿದರು. ಸಣ್ಣ ಬಾಟಲಿ ಕೊಟ್ಟು ಮರೆಗೆ ಕಳಿಸಿದರು. ಬಾಟಲಿ ಪರೀಕ್ಷೆಗೆ ಹೋಗಿ ಬಂದ ಮೇಲೆ ಕೇಳಿದರು.

"ಇದರಾಗ ರಕ್ತ ಇಲ್ಲ್ರಿ. ಅಜ್ಜಾರ, ಬೀಟ್‌ರೂಟ್ ತಿಂದೀರೇನು?"

"ಹುಟ್ಟಿದಾಗಿಂದ ಮುಟ್ಟಿಲ್ಲ."

"ಹಂಗಾದ್ರ ಭಾಳ ಬಣ್ಣದ ಐಸ್‌ಕ್ರೀಮ್, ಶರಬತ್ತ?"

"ನಾ ಏನ ಸಣ್ಣ ಹುಡುಗೇನ್ರಿ?"

ಡಾಕ್ಟರರು ಪೆನ್ನು ಹಿಡಿದು, ದೊಡ್ಡ ಆಸ್ಪತ್ರೆಗೆ ಚೀಟಿ ಬರೆಯಲು ಹೊರಟರು. ಕೋಮಲಳ ಅಳು ಮತ್ತೆ ಏರಿತು. ಇನ್ನು ತಡೆದರೆ ಇವರ ಹೊಟ್ಟೆಗೆ ನಳಿಗೆ ಇಳಿಸುತ್ತಾರೆ ಎನಿಸಿ ನಾನು ಎದ್ದು ನಿಂತೆ.

"ತಿಂದಾರ್ರಿ ಸಾಹೇಬ್ರ. ಅವರಿಗೆ ಗೊತ್ತಿಲ್ಲ. ನಾನ ಹಾಕೇನಿ."

ಎಲ್ಲರೂ ನನ್ನನ್ನು ವಿಷ ಹಾಕಿದವಳನ್ನು ನೋಡುವಂತೆ ನೋಡಿದರು. ನಾನು ಮೊದಲಿನಿಂದ ಕೊನೆಯತನಕ ಹೇಳಿದೆ. ಖಾರ ತೆಗೆದದ್ದು, ಬಣ್ಣ ಹಾಕಿದ್ದು, ಖಾರವಿಲ್ಲದ ದಿನಗಳಲ್ಲೂ ಎದೆ ಉರಿದದ್ದು.

ಸೌಂದರ್ಯಾ ಹಣೆ ಹಿಡಿದುಕೊಂಡಳು. "ಆಯಿ, ಒಂದ ಬದಲ ಮಾಡು ಅಂದಿದ್ನಿ. ನೀ ಖಾರ ತೆಗದಿ, ಮ್ಯಾಲ ಬೀಟ್‌ರೂಟ್ ಹಾಕಿದಿ. ಎರಡಾತಲ್ಲ."

"ಬಣ್ಣ ಇಲ್ಲದ ನಿಮ್ಮಜ್ಜ ಉಣ್ತಾನೇನ ಬೇ?"

ಡಾಕ್ಟರರು ನಗಲಿಲ್ಲ, ಅದು ಅವರ ದೊಡ್ಡತನ. "ಎರಡಾದ್ರೂ ಅಡ್ಡಿಯಿಲ್ಲವ್ವಾ. ಬೀಟ್‌ರೂಟಿನಿಂದ ಎದಿ ಉರಿಯೂದು ಅಪರೂಪ. ಇವರ ಎದಿಯುರಿಗೆ ಆಯಿಯ ಖಾರ ಕಾರಣ ಅಲ್ಲಂತ ಕಾಣತೈತಿ" ಎಂದರು.

ಆ ಮಾತನ್ನು ನಾನು ಇನ್ನೊಮ್ಮೆ ಹೇಳಿಸಬೇಕೆಂದಿದ್ದೆ. ಗಂಡನ ಮುಂದೆ, ಸೊಸೆಯ ಮುಂದೆ, ಮಗನ ಮುಂದೆ, ಓದಿದವರ ಬಾಯಿಂದ ನನ್ನ ಖಾರ ಬಿಡುಗಡೆಯಾಗಿತ್ತು. ಅಲ್ಲಿಗೇ ಎದ್ದು ಬಂದಿದ್ದರೆ ಈ ಕಥೆಯನ್ನು ನಾನು ನಗುತ್ತ ಹೇಳುತ್ತಿದ್ದೆ. ಆದರೆ ನನಗೆ ಆಸೆ ಹೆಚ್ಚು. "ಹಂಗಾದ್ರ ಯಾಕ ಉರೀತೈತ್ರಿ?" ಎಂದು ಕೇಳಿಬಿಟ್ಟೆ.

ಡಾಕ್ಟರರು ಯಜಮಾನರ ಕಡೆ ತಿರುಗಿದರು. "ಅಜ್ಜಾರ, ಹೆಂಗ ಉಣ್ತೀರಿ? ಸಾವಕಾಶ ಅಗದು?"

"ಅಜ್ಜ ಅಗಿಯೂದಿಲ್ರಿ, ನುಂಗ್ತಾನ" ಎಂದಳು ಸೌಂದರ್ಯಾ.

"ಯಾಕ್ರಿ, ಕುಡಚಿ ರೈಲ ತಪ್ಪತೈತೇನು?"

ಯಜಮಾನರು ಗೋಡೆಯ ಮೇಲಿನ ಚಿತ್ರ ನೋಡಿದರು. ಅಲ್ಲಿ ಹೊಟ್ಟೆ ಸೀಳಿದ ಮನುಷ್ಯನೊಬ್ಬ ನಗುತ್ತ ನಿಂತಿದ್ದ. ಅವನನ್ನೇ ನೋಡುತ್ತ ಹೇಳಿದರು. "ಇಕಿ ಎದರಿಗೆ ಕುಂಡ್ರತಾಳ್ರಿ."

"ಕುಂತ್ರ?"

"ಮಾತಾಡ್ತಾಳ್ರಿ. ನಾ ಮೊದಲನೇ ತುತ್ತ ಎತ್ತೂದರಾಗ ಹಿತ್ತಲ ಗ್ವಾಡಿ ಬೀಳತೈತಿ. ಎರಡನೇ ತುತ್ತಿಗೆ ನಮ್ಮವ್ವ ಯಾವಾಗೋ ಅಂದ ಮಾತ. ಆಮ್ಯಾಲ ಮೊಣಕಾಲ. ಲಗೂ ನುಂಗಿ ಎದ್ರ ಪಾರಾಗ್ತೇನಿ."

"ಉಂಡ ಕೂಡ್ಲೆ ಮಲಗೂದ?"

"ಕಣ್ಣ ಮುಚ್ಚಿದ್ರ ಸುಮ್ನಾಗ್ತಾಳ್ರಿ. ನಿದ್ದಿ ಏನೂ ಬರೂದಿಲ್ಲ."

ಈಗ ಡಾಕ್ಟರರು ನಕ್ಕರು. ಅಗಿಯದ ಅನ್ನ ಹೊಟ್ಟೆಗೆ ಭಾರ, ತುಂಬಿದ ಹೊಟ್ಟೆಯಲ್ಲಿ ಮಲಗಿದರೆ ಆಮ್ಲ ಮೇಲಕ್ಕೆ ಹರಿಯುತ್ತದೆ, ಬಿಗಿಯುವ ಸ್ನಾಯುವಿಗೂ ವಯಸ್ಸಾಗಿರುತ್ತದೆ ಎಂದು ವಿವರಿಸಿದರು. ಎಲ್ಲವೂ ನಾನು ಅಂಗಳದಿಂದ ಕೇಳಿದ್ದೇ. ಮಾತ್ರೆ ಬರೆದುಕೊಟ್ಟು, ಊಟದ ಹೊತ್ತಿಗೆ ಯಾರೂ ಮಾತಾಡಿಸಬೇಡಿ, ನಿಧಾನ ಉಣ್ಣಲಿ, ಉಂಡ ಮೇಲೆ ಕೂರಲಿ, ತಿರುಗಾಡಲಿ, ಮಲಗುವುದು ಬೇಡ ಎಂದು ಅಪ್ಪಣೆ ಮಾಡಿದರು. ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದರು. "ಖಾರ ಕುಟ್ಟಸ್ರಿ ಆಯಿ. ಮಾತ ಮಾತ್ರ ಸ್ವಲ್ಪ ಕಡಿಮಿ ಮಾಡ್ರಿ."

ಖಾರವನ್ನು ಬಿಟ್ಟು ನನ್ನನ್ನು ಹಿಡಿದುಹಾಕಿದರು.

ವಾಪಸ್ಸು ಬರುವಾಗ ಸಾಯುವ ಮನುಷ್ಯ ಮುಂದಿನ ಸೀಟಿನಲ್ಲಿ ಕೂತು ಕಬ್ಬಿನ ದರದ ಮಾತಾಡುತ್ತಿದ್ದರು. ಕೋಮಲ ಹಿಂದೆ ಬಂದು ನನ್ನ ಪಕ್ಕದಲ್ಲಿ ಕೂತಿದ್ದಳು. "ನಾಳಿಂದ ಮಾಮಾಗ ನಾ ಬಡಸ್ತೇನ್ರಿ ಅತ್ತಿ. ನಿಮಗೂ ಮೊಣಕಾಲ ನೋವು, ಯಾಕ ಎದ್ದ ಕುಂತ ಮಾಡ್ತೀರಿ" ಎಂದಳು. ಎಷ್ಟು ಕಾಳಜಿ ಎಂದು ಕಣ್ಣು ತುಂಬಿ ಬಂತು. (ಈ ಬಾರಿ ಬಳ್ಳೊಳ್ಳಿಯೂ ಇರಲಿಲ್ಲ.)

ನನ್ನ ಮಾತು ಏನಿತ್ತು ಎಂದು ಯಾರೂ ಕೇಳಲಿಲ್ಲ, ಆದ್ದರಿಂದ ನಿಮಗೆ ಹೇಳುತ್ತೇನೆ. ಮುಂಜಾನೆ ಅವರು ಹೊಲಕ್ಕೆ ಹೋಗುತ್ತಾರೆ. ಸಂಜೆ ಕಟ್ಟೆಗೆ ಹೋಗುತ್ತಾರೆ. ರಾತ್ರಿ ಟಿವಿಯ ಮುಂದೆ ಕೂತಲ್ಲೇ ಉಂಡು ಅಲ್ಲೇ ನಿದ್ದೆ ಹೋಗುತ್ತಾರೆ. ಈ ಮನುಷ್ಯ ನನಗೆ ದಿನಕ್ಕೆ ಸಿಗುತ್ತಿದ್ದದ್ದು ಮಧ್ಯಾಹ್ನದ ಒಂದು ತಾಟಿನಷ್ಟು ಹೊತ್ತು. ಗೋಡೆ ಬಿರುಕು ಬಿಟ್ಟದ್ದು, ಮೊಣಕಾಲು ಬಾತದ್ದು, ಕೂಸಿಗೆ ಹೆಸರಿಟ್ಟದ್ದು ಎಲ್ಲವನ್ನೂ ಅಷ್ಟರಲ್ಲಿ ಮುಗಿಸಬೇಕಿತ್ತು. ನಾನೂ ಗಬಗಬನೆ ಮಾತಾಡಿದೆ, ಅವರೂ ಗಬಗಬನೆ ಉಂಡರು. ಇಬ್ಬರಿಗೂ ಅಗಿಯಲು ಪುರುಸೊತ್ತು ಸಿಗಲಿಲ್ಲ.

ಖಾರ ಕುಟ್ಟಿಸಿದೆ. ಮೆಣಸಿನಕಾಯಿ ಈ ವರ್ಷ ಒಳ್ಳೆಯದು ಸಿಕ್ಕಿತ್ತು. ಗಿರಣಿಯಲ್ಲಿ ಘಾಟಿಗೆ ಸಾಲಿನಲ್ಲಿದ್ದವರೆಲ್ಲ ಸೀನಿದರು. ಕೋಮಲಳ ಪ್ಯಾಕೆಟ್ಟುಗಳು ಕತ್ತರಿ ಕಾಣದೆ ಕಪಾಟಿನಲ್ಲಿ ಬಿದ್ದಿದ್ದವು. ಯಜಮಾನರು ಪಡಸಾಲೆಯಲ್ಲಿ ಒಬ್ಬರೇ ಕೂತು, ಎಮ್ಮೆ ಮೆಲುಕು ಹಾಕುವಂತೆ ಅಗಿದು ಅಗಿದು ಉಂಡರು. ಕೋಮಲ ಬಡಿಸಿ ಸದ್ದಿಲ್ಲದೆ ಒಳಗೆ ಬರುತ್ತಿದ್ದಳು. ಉಂಡ ಮೇಲೆ ಅವರು ಕೋಲು ಹಿಡಿದು ದ್ರಾಕ್ಷಿ ತೋಟದ ತನಕ ಹೋಗಿ ಬರುತ್ತಿದ್ದರು. ಎದೆಯುರಿ ನಿಂತಿತು.

ನಾನು ಸೌಂದರ್ಯಾಳನ್ನು ಹಿಡಿದೆ. "ನೋಡ ಬೇ, ಅವರು ಅಗಿಯಾಕತ್ತಾರ, ಮಲಗೂದ ಬಿಟ್ಟಾರ, ಮಾತ್ರಿ ನುಂಗ್ಯಾರ. ಇದರಾಗ ಯಾವದರಿಂದ ಕಡಿಮಿ ಆತು ಅಂತ ಹೆಂಗ ಹೇಳೂದು? ನನ್ನಿಂದ ಅಂತ ಯಾಕ ಆಗಬೇಕು?"

ಹುಡುಗಿ ಯೋಚಿಸಿದಳು. ಅವಳಲ್ಲಿ ಅದೊಂದು ಒಳ್ಳೆಯ ಗುಣ, ನನ್ನ ಮಾತಿಗೆ ನಿಂತು ಯೋಚಿಸುತ್ತಾಳೆ. "ಖರೇ ಆಯಿ. ನಿನ್ನ ಮಾತ ಸೇರಿ ನಾಕ ಒಮ್ಮೆಲೆ ಬದಲಾಗ್ಯಾವು, ಒಂದನ್ನ ಹಿಡದ ಹೇಳಾಕ ಬರೂದಿಲ್ಲ."

"ಹಂಗಾದ್ರ ನಾ ಮತ್ತ ಎದರಿಗೆ ಕುಂಡ್ರತೇನಿ. ಉಳಿದದ್ದೆಲ್ಲಾ ಇದ್ದಂಗ ಇರಲಿ. ಉರದ್ರ ನನ್ನ ತಪ್ಪ, ಉರೀಲಿಲ್ಲಂದ್ರ ಅಲ್ಲ."

ಮೊಮ್ಮಗಳು ಅಜ್ಜನಿಗೆ ಹೋಗಿ ಹೇಳಿದಳು. ಪಡಸಾಲೆಯಿಂದ ಉತ್ತರ ಬಂತು.

"ಪ್ರಯೋಗ ಸಾಕ ಮಾಡಂತ ಹೇಳ ನಿಮ್ಮ ಆಯಿಗೆ. ನಾ ಆರಾಮ ಅದೇನಿ."

ವಿಜ್ಞಾನ ನನ್ನ ಪರವಾಗಿ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಅವರು ಆರಾಮವಾದರು.

ಆಮೇಲೆ ಒಂದು ದಿನ, ಅಡುಗೆಮನೆಯಲ್ಲಿ ಒಬ್ಬಳೇ ಕೂತು ಉಣ್ಣುವಾಗ, ನನ್ನ ಎದೆಯ ನಡುವೆ ಏನೋ ಉರಿಯಿತು. ಮರುದಿನವೂ ಉರಿಯಿತು. ಆಡದೆ ಉಳಿದ ಮಾತು ಒಳಗೆ ಹುಳಿಯುತ್ತದೋ ಏನೋ, ಸೌಂದರ್ಯಾಳ ಪುಸ್ತಕದಲ್ಲಿ ಆ ಪಾಠ ಇದ್ದಂತಿಲ್ಲ. ಅವಳನ್ನು ಕೇಳೋಣವೆಂದರೆ ಪರೀಕ್ಷೆ ಹತ್ತಿರ ಬಂದು ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ನಾನು ಎದೆ ತಿಕ್ಕಿಕೊಳ್ಳುವುದನ್ನು ಕೋಮಲ ಕಂಡಳು.

"ಏನ್ರಿ ಅತ್ತಿ?"

"ಏನಿಲ್ಲ, ಸ್ವಲ್ಪ ಉರದಂಗ ಆತು."

"ನಾ ಅಂದ್ನೆಲ್ಲ. ಹೊಸಾ ಖಾರ, ಘಾಟ ಭಾಳ ಐತಿ. ಈ ವಯಸ್ಸಿನಾಗ ನಿಮಗ ಒಗ್ಗೂದಿಲ್ಲ. ಇನ್ನ ಮುಂದ ನಿಮಗ ಸಪ್ಪಂದ ಮಾಡ್ತೇನಿ."

ಪ್ರಯೋಗವಿಲ್ಲ, ಬಾಟಲಿಯಿಲ್ಲ, ಹಾರೂಗೇರಿಯೂ ಇಲ್ಲ. ನನ್ನ ತೀರ್ಪು ನಿಂತ ಕಾಲಲ್ಲೇ ಆಯಿತು. ವಾದಿಸಬಹುದಿತ್ತು. ಆದರೆ ಮಾತು ಕಡಿಮೆ ಮಾಡೆಂದು ಡಾಕ್ಟರರೇ ಹೇಳಿದ್ದಾರೆ, ಮೇಲಾಗಿ ಯಾರಿಗೆ ಹೇಳುವುದು. ಇವತ್ತು ಇಡೀ ಮನೆ ಗೌರಾಬಾಯಿಯ ಖಾರ ತಿನ್ನುತ್ತದೆ, ತೆಲಸಂಗದ ಸೀತವ್ವನ ಮನೆ ತಿನ್ನುತ್ತದೆ. ಗೌರಾಬಾಯಿಯ ತಾಟಿನಲ್ಲಿ ಮಾತ್ರ ಅನ್ನ, ಹಾಲು, ಒಂದು ಹರಳು ಉಪ್ಪು.

ನಿನ್ನೆ ಮಧ್ಯಾಹ್ನ ಹೀಗೇ ಕೂತಿದ್ದೆ. ಪಡಸಾಲೆಯಲ್ಲಿ ಯಜಮಾನರು ಉಣ್ಣುತ್ತಿದ್ದರು. ಬಹಳ ಹೊತ್ತು ಅಗಿದರು. ಈಗ ಅವರ ನಾಲಿಗೆಗೆ ಎಲ್ಲವೂ ತಿಳಿಯುತ್ತದೆ. ಆಮೇಲೆ ಅವರ ದನಿ ಕೇಳಿಸಿತು. ಮದುವೆಯಾದಾಗಿನಿಂದ ನಾನು ಯಾವ ಮಾತಿಗೆ ಕಿವಿ ಇಟ್ಟುಕೊಂಡಿದ್ದೆನೋ ಅದೇ ಮಾತು.

"ಆಮಟಿ ಭಾಳ ಛಲೋ ಆಗೇತಿ ನೋಡ. ಇಂಥಾ ರುಚಿ ಇಷ್ಟ ದಿನಾ ಎಲ್ಲಿತ್ತು ಈ ಮನ್ಯಾಗ? ನಿನ್ನ ಕೈಗುಣ ದೊಡ್ಡದ ಕೋಮಲಾ."

"ಹೂಂ ಮಾಮಾ" ಎಂದಳು ಕೋಮಲ. ಊಟದ ಹೊತ್ತಿಗೆ ಹೆಚ್ಚು ಮಾತಾಡಬಾರದಲ್ಲ.